ಮೊದಲನೇ ಕೈ

ಕಳೆದ ಮಂಗಳವಾರ ಹುಬ್ಬಳ್ಳಿ ನಿಲ್ದಾಣದ ಊಟದ ಮನೆಯಲ್ಲಿ ಬಡಿಸುವ ಯಂತ್ರವೊಂದು ನನ್ನ ತಾಟನ್ನು ಎತ್ತಿಕೊಂಡು ಹೋಯಿತು. ಅದು ಎರಡನೇ ರೊಟ್ಟಿ ತಂದಾಗ ನಾನು ಹಳೆಯ ರೂಢಿಯಂತೆ ತಾಟಿನ ಮೇಲೆ ಕೈ ಅಡ್ಡ ಹಿಡಿದೆ. ಯಂತ್ರ ಅರೆಗಳಿಗೆ ನನ್ನ ಕೈ ನೋಡಿತು, ಧನ್ಯವಾದ ಎಂದಿತು, ಅರ್ಧ ಉಳಿದಿದ್ದ ಎಣ್ಣೆಗಾಯಿಯ ಸಮೇತ ತಾಟನ್ನು ಒಯ್ದೇಬಿಟ್ಟಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದನ್ನು ಅರವತ್ತಾರನೆಯ ವಯಸ್ಸಿನಲ್ಲಿ ಕಣ್ಣಾರೆ ಕಂಡೆ. ಎದುರಿಗೆ ಕೂತಿದ್ದ ಕಾಲೇಜು ಹುಡುಗಿ ಪಾಪ, ಸಾಕು ಅಂತ ನೀವೇ ತೋರಿಸಿದಿರಲ್ಲ ಅಜ್ಜಿ ಎಂದು ಸಮಾಧಾನ ಹೇಳಿದಳು.

ಆ ಯಂತ್ರಕ್ಕೆ ಕೈ ಓದುವುದನ್ನು ಕಲಿಸಿದವಳು ನಾನೇ ಎಂದು ಅವಳಿಗೆ ಹೇಗೆ ಹೇಳಲಿ? ಮೂವತ್ತೇಳು ವರ್ಷಗಳ ಹಿಂದೆ ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಕೂತು ಸಾವಿರಕ್ಕೆ ಹತ್ತಿರ ಕೈಗಳಿಗೆ ನಾನು ತಪ್ಪು ಗುರುತು ಹಾಕಿದ್ದೆ. ಆ ತಪ್ಪಿನಿಂದ ನನ್ನ ತಂಗಿ ನಮ್ಮ ಕೈತಪ್ಪಿ ಹೋಗುವುದರಲ್ಲಿದ್ದಳು. ಅವಳ ಮಟ್ಟಿಗೆ ಅದನ್ನು ತಿದ್ದಿದೆವು. ಆದರೆ ಹಳೆಯ ಕಡತ ಹೇಗೋ ಕೈಯಿಂದ ಕೈಗೆ ದಾಟಿ, ಬಡಿಸುವ ಯಂತ್ರ ಮಾಡುವವರ ಬಳಿ ಸೇರಿ, ಇನ್ನೂ ಬದುಕಿದೆ. ಹೊಟ್ಟೆ ತುಂಬದೆ ಎದ್ದು ಬಂದವಳಿಗೆ ಆ ವರ್ಷವೆಲ್ಲ ನೆನಪಾಯಿತು.

ನಮ್ಮ ಅವ್ವ ಶಿವಗಂಗವ್ವ ಧಾರವಾಡದ ಮಾಳಮಡ್ಡಿಯಲ್ಲಿ ಖಾನಾವಳಿ ನಡೆಸುತ್ತಿದ್ದಳು. ನಾನು ಹೇಳುತ್ತಿರುವುದು 2046ರ ಮಾತು. ಅಷ್ಟರಲ್ಲಿ ಊರಿನ ಬಹುತೇಕ ಕಡೆ ರೊಟ್ಟಿ ಮಾಡುವ ಯಂತ್ರಗಳು ಬಂದಿದ್ದವು. ಅವ್ವ ಮಾತ್ರ ಕೈಯಿಂದಲೇ ಬಡಿಯುತ್ತಿದ್ದಳು. ಬೆಳಿಗ್ಗೆ ಒಂಬತ್ತಕ್ಕೆ ಶುರುವಾದ ಆ ಸದ್ದು ಮಧ್ಯಾಹ್ನ ಮೂರರವರೆಗೆ ನಿಲ್ಲುತ್ತಿರಲಿಲ್ಲ. ನಾನು ಲೆಕ್ಕ ಕಲಿತದ್ದು, ಪರೀಕ್ಷೆಗೆ ಓದಿದ್ದು, ಅಪ್ಪ ತೀರಿಕೊಂಡಾಗ ಗೋಡೆಗೆ ಮುಖಮಾಡಿ ಅತ್ತದ್ದು ಎಲ್ಲವೂ ಆ ಸದ್ದಿನಲ್ಲೇ. ಈಗಲೂ ಎಲ್ಲಾದರೂ ಯಾರಾದರೂ ಚಪ್ಪಾಳೆ ತಟ್ಟಿದರೆ ನನಗೆ ಜೋಳದ ಹಿಟ್ಟಿನ ವಾಸನೆ ಬರುತ್ತದೆ.

ಖಾನಾವಳಿಗೆ ಒಂದು ನಿಯಮವಿತ್ತು. ಎಲ್ಲೂ ಬರೆದಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಉಣ್ಣುವವನು ತಾಟಿನ ಮೇಲೆ ಕೈ ಅಡ್ಡ ಹಿಡಿದು ಸಾಕ್ರಿ ಅಂದರೆ ಅವ್ವ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ರೊಟ್ಟಿಯನ್ನು ಅರ್ಧ ಮುರಿದು ಆ ಕೈಯ ಮೇಲೆಯೇ ಇಡುತ್ತಿದ್ದಳು. ಬಿಸಿ ತಾಗಿ ಅವನು ಕೈ ಎಳೆದುಕೊಂಡರೆ ರೊಟ್ಟಿ ತಾಟಿಗೆ ಬೀಳುತ್ತಿತ್ತು. ಎರಡನೇ ಸಲ ಕೈ ಹಿಡಿದಾಗ ಮಾತ್ರ ಬಿಡುತ್ತಿದ್ದಳು. ಮೊದಲನೇ ಕೈ ಮರ್ಯಾದಿ, ಎರಡನೇ ಕೈ ಹೊಟ್ಟಿ ಎನ್ನುವುದು ಅವಳ ಮಾತು. ಮೊದಲನೇ ಕೈಗೇ ಬಡಿಸುವುದನ್ನು ನಿಲ್ಲಿಸಿದರೆ ಉಂಡವನು ಅವಮಾನವಾಯಿತೆಂದು ಮರುದಿನ ಬೇರೆ ಖಾನಾವಳಿಗೆ ಹೋಗುತ್ತಿದ್ದ.

ನನ್ನ ತಂಗಿ ದಾನೇಶ್ವರಿ ನನಗಿಂತ ಹತ್ತು ವರ್ಷ ಚಿಕ್ಕವಳು. ನಾವೆಲ್ಲ ದಾನು ಎನ್ನುತ್ತಿದ್ದೆವು. ಹನ್ನೊಂದನೇ ವಯಸ್ಸಿಗೇ ಕುಸ್ತಿಯ ತಾಲೀಮಿಗೆ ಸೇರಿದಳು. ಓಣಿಯ ಗಂಡು ಹುಡುಗರನ್ನು ಒಬ್ಬೊಬ್ಬರನ್ನಾಗಿ ಮಣ್ಣು ಮುಕ್ಕಿಸಿ, ಹದಿನಾಲ್ಕಕ್ಕೆ ಕ್ರೀಡಾ ವಸತಿ ನಿಲಯಕ್ಕೆ ಆಯ್ಕೆಯಾಗಿ ಹೋದಳು. ರಜೆಗೆ ಬಂದಾಗ ಆರು ರೊಟ್ಟಿ ಉಂಡು ಇನ್ನೂ ಏನೈತಿ ಎಂದು ಕೇಳುತ್ತಿದ್ದ ಹುಡುಗಿ. ಅವ್ವನಿಗೆ ಅವಳ ಪದಕಗಳಿಗಿಂತ ಆ ಆರು ರೊಟ್ಟಿಗಳ ಮೇಲೆ ಹೆಚ್ಚು ಹೆಮ್ಮೆ.

ಕುಸ್ತಿಯಲ್ಲಿ ತೂಕದ ವರ್ಗಗಳಿರುತ್ತವೆ. ನಿಲಯದಲ್ಲಿ ದಿನಾ ಬೆಳಿಗ್ಗೆ ತೂಕದ ಯಂತ್ರದ ಮೇಲೆ ನಿಲ್ಲಬೇಕು. ವರ್ಗದೊಳಗಿದ್ದರೆ ಹಸಿರು ದೀಪ, ಮೀರಿದರೆ ಕೆಂಪು. ಕೆಂಪು ಹತ್ತಿದರೆ ಎಲ್ಲರೆದುರು ಮಾಸ್ತರರ ಮಾತು ಕೇಳಬೇಕು. ಹಸಿರು ಹತ್ತಿದರೆ ಎದೆ ಮೇಲಿನ ಕಲ್ಲು ಇಳಿದಂಗ ಆಗ್ತೈತಿ ಎಂದು ದಾನು ಒಮ್ಮೆ ಹೇಳಿದ್ದಳು. ನಾನು ನಕ್ಕಿದ್ದೆ. ಹದಿನೆಂಟಕ್ಕೆ ಭುಜ ಮುರಿದು ಕುಸ್ತಿ ಬಿಟ್ಟು ಮನೆಗೆ ಬಂದಳು. ತೂಕದ ಯಂತ್ರ ನಿಲಯದಲ್ಲೇ ಉಳಿಯಿತು, ಆ ಎರಡು ದೀಪಗಳು ಮಾತ್ರ ಅವಳ ಜೊತೆ ಬಂದವು. ಈಗ ಪ್ರತಿ ತಾಟಿನಲ್ಲೂ ಅವಳಿಗೆ ಕೆಂಪು ಕಾಣುತ್ತಿತ್ತು. ತಾಟು ದೂಡಿದ ಕೂಡಲೇ ಹಸಿರು.

ಖಾನಾವಳಿಯಲ್ಲಿ ತಾಟು ದೂಡುವವರು ಯಾರೂ ಇರಲಿಲ್ಲ. ಕೈ ಹಿಡಿಯುವುದು ಬೇರೆ, ದೂಡುವುದು ಬೇರೆ. ದಾನು ಎರಡು ಬೆರಳಿನಿಂದ ತಾಟನ್ನು ಮುಂದಕ್ಕೆ ಸರಿಸಿದಾಗಲೆಲ್ಲ ಅವ್ವನ ಮುಖ ಸಣ್ಣದಾಗುತ್ತಿತ್ತು. ಒಂದು ವರ್ಷದಲ್ಲಿ ಮಲ್ಲಯುದ್ಧದ ಹುಡುಗಿ ಮೆಟ್ಟಿಲು ಹತ್ತಿದರೆ ಕೂತು ಸುಧಾರಿಸಿಕೊಳ್ಳುವಂತಾದಳು. ದೊಡ್ಡವ್ವ ದೃಷ್ಟಿ ತೆಗೆದಳು. ಮಾಸ್ತರರು ಸೋತ ಮನಸ್ಸು ಅಂದರು. ಓಣಿಯವರು ಹಠ ಅಂದರು. ಮಿದುಳಿನ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ ನಾನೂ ಒಳಗೊಳಗೇ ಹಠ ಎಂದೇ ಅಂದುಕೊಂಡಿದ್ದೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ನಾನು ಆ ಪ್ರಯೋಗಾಲಯದಲ್ಲಿ ಸಂಕೇತಗಳ ಇಂಜಿನಿಯರ್. ಅಂದರೆ ತಲೆಯೊಳಗಿಂದ ಬರುವ ಗದ್ದಲದಲ್ಲಿ ಕೆಲಸದ ಮಾತು ಯಾವುದು ಎಂದು ಸೋಸುವವಳು. ಮುಖ್ಯಸ್ಥೆ ಡಾ. ಅಹಲ್ಯಾ ಗಲಗಲಿ. ತೆಳ್ಳಗಿನ, ಕಡಿಮೆ ಮಾತಿನ ಹೆಂಗಸು. ದಾನುವಿನ ಸಂಗತಿ ಕೇಳಿ ಅವರು ಹಠ ಎಂಬ ಶಬ್ದವನ್ನು ಅಲ್ಲೇ ತಡೆದರು.

"ಹಠ ಅಲ್ಲ ಅದು, ಕಲಿತ ಪಾಠ," ಅಂದರು. "ನಿನ್ನ ತಂಗಿ ಶಾಣ್ಯಾಕಿ, ಬುದ್ಧಿ ಚುರುಕು, ಅದಕ್ಕ ಇಷ್ಟು ಗಟ್ಟಿ ಕಲ್ತಾಳ."

ಆಮೇಲೆ ಅವರು ನನಗೆ ನಾಯಿಯ ಕಥೆ ಹೇಳಿದರು. ಒಬ್ಬನಿಗೆ ಒಂದು ಗಲ್ಲಿಯಲ್ಲಿ ನಾಯಿ ಬೆನ್ನು ಹತ್ತಿತ್ತಂತೆ. ಮರುದಿನದಿಂದ ಅವನು ಸುತ್ತು ಬಳಸಿ ಹೋಗತೊಡಗಿದ. ಪ್ರತಿ ದಿನ ಮನೆ ಮುಟ್ಟಿದಾಗ ಎದೆ ನಿರಾಳವಾಗುತ್ತಿತ್ತು, ಸುತ್ತು ಹಾದಿ ನನ್ನನ್ನು ಉಳಿಸಿತು ಎಂದು ಮಿದುಳು ಬರೆದುಕೊಳ್ಳುತ್ತಿತ್ತು. ನಾಯಿ ಸತ್ತು ಹತ್ತು ವರ್ಷವಾದರೂ ಅವನಿಗೆ ತಿಳಿಯಲಿಲ್ಲ, ಏಕೆಂದರೆ ಆ ಗಲ್ಲಿಗೆ ಅವನು ಹೋಗಲೇ ಇಲ್ಲ. ಭಯವನ್ನು ಉಳಿಸಿದ್ದು ನಾಯಿಯಲ್ಲ, ಮನೆ ಮುಟ್ಟಿದಾಗಿನ ನಿರಾಳ. ಬರಬೇಕಿದ್ದ ಕೆಟ್ಟದ್ದು ಬರಲಿಲ್ಲ ಎನಿಸಿದ ಕ್ಷಣ ಮಿದುಳಿನ ಆಳದಲ್ಲಿ ಡೋಪಮಿನ್ ಒಂದು ಸಲ ಚಿಮ್ಮುತ್ತದೆ, ಸಿಹಿ ತಿಂದಾಗ ಚಿಮ್ಮಿದಂತೆಯೇ. ದಾನು ತಾಟು ದೂಡಿದಾಗಲೆಲ್ಲ ಆ ಚಿಮ್ಮು ಅವಳಿಗೆ ಭೇಷ್ ಎನ್ನುತ್ತಿತ್ತು.

ನಾವು ಕಟ್ಟುತ್ತಿದ್ದ ಸಾಧನ ಹಣೆಗೆ ಕಟ್ಟುವ ಒಂದು ಪಟ್ಟಿ. ಕಡತಗಳಲ್ಲಿ ಅದರ ಹೆಸರು ನಿರಾಳಪಟ್ಟಿ. ಆ ಚಿಮ್ಮು ಏಳುತ್ತಿದ್ದಂತೆ ಗುರುತಿಸಿ, ಕಿವಿಗೆ ಕೇಳಿಸದ ಸೂಕ್ಷ್ಮ ಶಬ್ದದ ಅಲೆಯಿಂದ ಅದನ್ನು ತಗ್ಗಿಸುವುದು ಅದರ ಕೆಲಸ. ತಾಟು ದೂಡಿದರೂ ಭೇಷ್ ಎನ್ನುವವರಿಲ್ಲದಿದ್ದರೆ ಮಿದುಳು ಆ ಪಾಠವನ್ನು ಮೆಲ್ಲಗೆ ಬಿಡುತ್ತದೆ ಎನ್ನುವುದು ನಮ್ಮ ಎಣಿಕೆ.

ಆದರೆ ಆ ಚಿಮ್ಮಿನ ಆಕಾರವನ್ನು ಪಟ್ಟಿಗೆ ಮೊದಲು ಕಲಿಸಬೇಕಿತ್ತು. ಅದಕ್ಕೆ ಜನ ಊಟ ಬೇಡವೆಂದ ನೂರಾರು ಕ್ಷಣಗಳು ಬೇಕು. ನಮ್ಮಲ್ಲಿದ್ದ ರೋಗಿಗಳು ಐದಾರು ಮಂದಿ. ದಿನಕ್ಕೆ ನೂರು ಸಲ ಬೇಡ ಅನ್ನೋ ಜಾಗ ಎಲ್ಲಿ ಸಿಗ್ತದ ಎಂದು ಗಲಗಲಿ ಮೇಡಂ ಸಭೆಯಲ್ಲಿ ಕೇಳಿದಾಗ ನಾನು ಕೈ ಎತ್ತಿದೆ. ಅಲ್ಲಿಯವರೆಗೆ ನಾನು ಖಾನಾವಳಿಯವಳ ಮಗಳೆಂದು ಆ ಮಹಡಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಕೂದಲಿಗೆ ಒಗ್ಗರಣೆ ವಾಸನೆ ಹತ್ತೀತೆಂದು ಮನೆಯಿಂದ ಹೊರಡುವಾಗ ತಲೆಗೆ ಬಟ್ಟೆ ಕಟ್ಟಿಕೊಂಡು ಬರುತ್ತಿದ್ದವಳು ನಾನು.

ಒಂದು ತಿಂಗಳು ಖಾನಾವಳಿಯ ನಲವತ್ತು ಮಂದಿ ಖಾಯಂ ಗಿರಾಕಿಗಳು ಹಣೆಗೆ ಪಟ್ಟಿ ಕಟ್ಟಿಕೊಂಡು ಉಂಡರು. ಅದೊಂದು ಮರೆಯಲಾಗದ ನೋಟ. ಕೋರ್ಟಿನ ಗುಮಾಸ್ತರು, ಸೈಕಲ್ ರಿಪೇರಿಯ ಹಜರತ್ ಸಾಬರು, ಮೂವರು ಸಂಗೀತದ ಮೇಷ್ಟ್ರು, ಎಲ್ಲರೂ ಮದುವೆಯ ಬಾಸಿಂಗ ಕಟ್ಟಿಕೊಂಡವರಂತೆ ಸಾಲಾಗಿ ಕೂತು ಝುಣಕ ರೊಟ್ಟಿ ಮುರಿಯುತ್ತಿದ್ದರು. ಅವ್ವ ಪಟ್ಟಿಯನ್ನು ತಲಿಪಟ್ಟಿ ಎಂದು ಕರೆದಳು, ಖಾನಾವಳಿಯಲ್ಲಿ ಅದೇ ಹೆಸರು ಉಳಿಯಿತು. ಮಾಳಿಗೆಗೆ ಬಿಗಿದ ಕ್ಯಾಮೆರಾ ತಾಟು ಮತ್ತು ಕೈಗಳನ್ನಷ್ಟೇ ಹಿಡಿಯುತ್ತಿತ್ತು. ಮುಖ ತೆಗೆಯುವುದಿಲ್ಲ ಎಂದು ಅವರಿಗೆಲ್ಲ ಮಾತು ಕೊಟ್ಟಿದ್ದೆವು.

ನಂತರ ನಾನು ಪ್ರಯೋಗಾಲಯದಲ್ಲಿ ಕೂತು ಒಂದೊಂದೇ ಕೈಗೆ ಗುರುತು ಹಾಕಿದೆ. ನಮ್ಮ ನಮೂನೆಯಲ್ಲಿ ಎರಡೇ ಖಾನೆಗಳಿದ್ದವು, ಉಂಡರು ಮತ್ತು ನಿರಾಕರಿಸಿದರು. ತಾಟಿನ ಮೇಲೆ ಕೈ ಬಂದರೆ ನಿರಾಕರಿಸಿದರು, ಕೆಂಪು ಗುರುತು. ಕೈ ಬಂದ ಮೂರು ಸೆಕೆಂಡಿನೊಳಗೆ ಮಿದುಳಿನಲ್ಲಿ ಏಳುವ ಚಿಮ್ಮು ಯಾವುದೋ ಅದೇ ತಪ್ಪಿಸಿಕೊಂಡ ನಿರಾಳ. ಎಂಥ ಸ್ಪಷ್ಟ ಆಕಾರ ಬಂತೆಂದರೆ ಮೇಡಂ ಕೂಡ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಪಟ್ಟಿ ಅದನ್ನು ಎರಡೇ ವಾರದಲ್ಲಿ ಕಲಿಯಿತು.

ದಾನು ಪಟ್ಟಿ ಕಟ್ಟಿಕೊಳ್ಳಲು ಒಪ್ಪಿದ್ದು ನನ್ನ ಮಾತಿಗೆ. ಅಕ್ಕ ಮಾಡಿದ್ದು ಅಲ್ಲೇನು, ಆತು ಕಟ್ಟು ಅಂದಳು. ಮೂರು ಹೊತ್ತಿನ ಊಟಕ್ಕೆ ಖಾನಾವಳಿಯ ಹಿಂದಿನ ಕೋಣೆಯಲ್ಲಿ ಅವಳು, ಪಕ್ಕದಲ್ಲಿ ನಾನು, ಪ್ರಯೋಗಾಲಯದ ತೆರೆಗಳ ಮುಂದೆ ಮೇಡಂ. ಮೊದಲ ವಾರ ಅವಳು ಎಂದಿನಂತೆ ತಾಟು ದೂಡಿದಳು. ಎರಡನೇ ವಾರ ಇನ್ನೂ ಬೇಗ ದೂಡಿದಳು. ಪಾಠ ಬಿಡುವ ಮುನ್ನ ಮಿದುಳು ಒಮ್ಮೆ ರೇಗುತ್ತದೆ, ಕಾಯೋಣ ಎಂದರು ಮೇಡಂ. ಕಾದೆವು. ಮೂರನೇ ವಾರ ಅವಳು ಅವ್ವ ಬಂದರೂ ತಲೆ ಎತ್ತದಾದಳು.

ನಾಲ್ಕನೇ ವಾರ, ಒಂದು ಮಧ್ಯಾಹ್ನ, ಪಟ್ಟಿ ಬಿಚ್ಚುವಾಗ ನನ್ನ ಕೈ ಹಿಡಿದು ಹೇಳಿದಳು.

"ಅಕ್ಕಾ, ಮೊದಲು ಅವ್ವ ಅರ್ಧ ರೊಟ್ಟಿ ಹಾಕಿದ್ರ ಬೈತಿದ್ದೆ. ಉಣ್ತಿರಲಿಲ್ಲ. ಆದ್ರೂ ಒಳಗೆಲ್ಲೋ ಬೆಚ್ಚಗ ಅನಸ್ತಿತ್ತು. ಈಗ ಅದೂ ಇಲ್ಲ. ಅವ್ವ ಹಾಕಿದ್ರೂ ಅಷ್ಟ, ಹಾಕದಿದ್ರೂ ಅಷ್ಟ."

ನಾನು ಅದನ್ನು ಅಡ್ಡಪರಿಣಾಮ ಎಂಬ ಖಾನೆಯಲ್ಲಿ ಮನಸ್ಥಿತಿ ಕುಸಿತ ಎಂದು ಬರೆದುಕೊಂಡೆ. ಅವಳು ಉತ್ತರವನ್ನೇ ಅಂಗೈಯಲ್ಲಿಟ್ಟು ಕೊಟ್ಟಿದ್ದಳು. ಅಂಗೈ ಹುಣ್ಣಿಗೆ ಕನ್ನಡಿ ಹುಡುಕುವ ವಿದ್ಯಾವಂತೆ ನಾನು.

ಐದನೇ ವಾರ ಆಸ್ಪತ್ರೆಯ ವೈದ್ಯರು ಅವಳ ಎದೆಬಡಿತದ ಚಿತ್ರ ನೋಡಿ ಕೈಚೆಲ್ಲಿದರು. ಹದಿನೈದು ದಿನದಲ್ಲಿ ಊಟ ಹತ್ತದಿದ್ದರೆ ದಾಖಲು ಮಾಡಿ ಮೂಗಿನ ಕೊಳವೆಯಿಂದ ಉಣಿಸಬೇಕು, ಅದಕ್ಕೂ ಹೃದಯ ತಡೆದೀತೆಂದು ಹೇಳಲಾರೆ ಎಂದರು. ಹೊರಗೆ ಬಂದು ಅವ್ವ, ನನ್ನ ಖಾನಾವಳ್ಯಾಗ ಸಾವಿರ ಮಂದಿ ಉಂಡು ಹೋದರು, ನನ್ನ ಮಗಳೇ ಹಸಗೊಂಡು ಹೋಗ್ತಾಳೇನವಾ ಎಂದು ಕೇಳಿದಳು.

ಮರುದಿನ ದಾನುವನ್ನು ತಪಾಸಣೆಗೆ ಪ್ರಯೋಗಾಲಯಕ್ಕೆ ಕರೆತಂದೆವು. ಅವ್ವನೂ ಬುತ್ತಿ ಗಂಟಿನೊಂದಿಗೆ ಬಂದಳು. ದಾನು ಒಳಗಿನ ಕೋಣೆಯಲ್ಲಿದ್ದಾಗ ಅವ್ವ ನನ್ನ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಎಲ್ಲಿ ಎಡವಿದೆವೆಂದು ಹುಡುಕಲು ನಾನು ಆ ಹಳೆಯ ಕೈಗಳನ್ನೇ ಮತ್ತೆ ಮತ್ತೆ ಓಡಿಸಿ ನೋಡುತ್ತಿದ್ದೆ. ಕೈಗಳನ್ನು ಕಂಡು ಅವ್ವನ ಮುಖ ಎಷ್ಟೋ ದಿನದ ಮೇಲೆ ಅರಳಿತು. ಮುಖವಿಲ್ಲದಿದ್ದರೂ ಅವಳಿಗೆ ಒಬ್ಬೊಬ್ಬರೂ ಗೊತ್ತು. ಉಗುರಿನಲ್ಲಿ ಗ್ರೀಸಿದ್ದವರು ಹಜರತ್ ಸಾಬರು, ಬೆರಳಿಗೆ ಶಾಯಿ ಅಂಟಿದ್ದವರು ಕೋರ್ಟಿನ ಹಿರೇಮಠರು, ತಾಳ ಹಾಕುತ್ತ ಉಣ್ಣುವವರು ಹಾಡಿನ ಮೇಷ್ಟ್ರು. ಒಂದಷ್ಟು ಹೊತ್ತು ನಗುತ್ತ ನೋಡಿದವಳು ತೆರೆಯ ಮೇಲೆ ಬೆರಳಿಟ್ಟಳು. ಈ ಕೆಂಪು ಚುಕ್ಕಿ ಏನು ಎಂದು ಕೇಳಿದಳು. ಬೇಡ ಅಂದವರಿಗೆ ಹಾಕಿದ ಗುರುತು ಎಂದೆ.

"ಹಿರೇಮಠ ಅವರು ಬ್ಯಾಡ ಅಂದಿಲ್ಲಲ್ಲ," ಅಂದಳು ಅವ್ವ.

"ಕೈ ಅಡ್ಡ ಹಿಡದಾರ ನೋಡವ್ವಾ."

"ಮೊದಲನೇ ಕೈ ಅದು. ನೀ ಖಾನಾವಳ್ಯಾಗ ಹುಟ್ಟಿದಾಕಿ, ನಿನಗ ನಾ ಹೇಳಬೇಕೇನು? ಮೊದಲನೇ ಕೈ ಅಂದ್ರ ಹಾಕು ಅಂತ."

ಚಿತ್ರವನ್ನು ನಿಧಾನ ಮಾಡಿದೆ. ಕೈ ಬಂತು. ಒಂದು ಸೆಕೆಂಡು. ತೆರೆಯ ಅಂಚಿನಿಂದ ಅವ್ವನ ಕೈ ಬಂತು, ಅರ್ಧ ರೊಟ್ಟಿ ಹಿರೇಮಠರ ಕೈಯ ಮೇಲೆ ಕೂತಿತು. ಎರಡು ಸೆಕೆಂಡು. ಆಗ ಎದ್ದಿತು ಆ ಚಿಮ್ಮು, ನಾವು ಎರಡು ತಿಂಗಳು ಮುದ್ದು ಮಾಡಿದ ಸ್ಪಷ್ಟ ಆಕಾರ. ಅದು ಊಟ ತಪ್ಪಿಸಿಕೊಂಡವನ ನಿರಾಳವಲ್ಲ. ಇನ್ನೊಬ್ಬರು ಬಿಡದೆ ಬಡಿಸಿದಾಗ ಉಣ್ಣುವವನ ಎದೆಗಾಗುವ ನಿರಾಳ. ನಮ್ಮ ಪಟ್ಟಿ ಐದು ವಾರಗಳಿಂದ ದಾನುವಿನ ತಲೆಯೊಳಗೆ ಹುಡುಕಿ ಹುಡುಕಿ ಹೊಸಕುತ್ತಿದ್ದದ್ದು ಅದನ್ನು. ತಾಟು ದೂಡಿದಾಗ ಏಳುತ್ತಿದ್ದ ಚಿಮ್ಮನ್ನು ಅದು ಮುಟ್ಟಿರಲೇ ಇಲ್ಲ.

ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಆ ಕತ್ತಲೆಯಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ ಕೂತಿದ್ದೆ. ಹತ್ತು ವರ್ಷ ಹಾಸ್ಟೆಲು ಕ್ಯಾಂಟೀನುಗಳಲ್ಲಿ ಉಂಡು, ಮಾಳಮಡ್ಡಿಯನ್ನು ಮೈಯಿಂದ ತೊಳೆದುಕೊಳ್ಳುವ ಅವಸರದಲ್ಲಿ, ಮೂರು ವರ್ಷದ ಮಗುವಾಗಿದ್ದಾಗ ಗೊತ್ತಿದ್ದದ್ದನ್ನು ಮರೆತಿದ್ದೆ. ಯಾರಿಗೂ ಹೇಳದೆ ಗುರುತುಗಳನ್ನು ತಿದ್ದಿಬಿಡಬಹುದೆಂಬ ಯೋಚನೆಯೂ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಗಾಜಿನಾಚೆ ದಾನು ಮಂಡಿಗೆ ಗಲ್ಲ ಊರಿ ಕೂತಿದ್ದಳು. ಎದ್ದು ಹೋಗಿ ಮೇಡಂಗೆ ಎಲ್ಲ ಹೇಳಿದೆ.

ಅವರು ಮೇಜಿನ ಮೇಲಿನ ನಮೂನೆಯನ್ನು ತಮ್ಮ ಕಡೆ ಎಳೆದುಕೊಂಡರು.

"ನಾನೂ ಧಾರವಾಡದಾಕಿನ, ನೀಲಾ," ಅಂದರು. "ನಮ್ಮ ಮನ್ಯಾಗೂ ಹಿಂಗ ಬಡಸ್ತಿದ್ರು. ಎರಡೇ ಖಾನೆ ಇಟ್ಟಾಕಿ ನಾನು." ಆಮೇಲೆ ಎದ್ದು, "ನಿಮ್ಮ ತಾಯಿನ್ನ ಒಳಗ ಕರಿ" ಅಂದರು.

ಮೂರು ದಿನ ಖಾನಾವಳಿಗೆ ಬೀಗ. ಮೂರು ದಿನ ಅವ್ವ ತೆರೆಯ ಮುಂದೆ ಕೂತು ಸಾವಿರದ ನೂರು ಕೈಗಳನ್ನು ಹೇಳಿದಳು. ಮೊದಲನೇದು, ಮೊದಲನೇದು, ಎರಡನೇದು, ಇದು ಮೊದಲನೇದು, ಇದು ಕೈಯಲ್ಲ ಮೇಷ್ಟ್ರ ತಾಳ. ಗಲಗಲಿ ಮೇಡಂ ಪಕ್ಕದಲ್ಲಿ ಶಿಷ್ಯೆಯಂತೆ ಬರೆದುಕೊಂಡರು. ಅದು ಹೆಂಗ ತಿಳೀತದ ಎಂದು ಕೇಳಿದರೆ ಅವ್ವ ತನ್ನ ಕೈಯನ್ನೇ ಹಿಡಿದು ತೋರಿಸುತ್ತಿದ್ದಳು. ಮೊದಲನೇ ಕೈಯಲ್ಲಿ ಬೆರಳು ಬಿಡಿಬಿಡಿ, ಮಣಿಕಟ್ಟು ಮೇಲೆ, ತಾಟಿಗೂ ಕೈಗೂ ನಡುವೆ ಜಾಗ. ಎರಡನೇ ಕೈಯಲ್ಲಿ ಬೆರಳು ಕೂಡಿರುತ್ತವೆ, ಕೈ ತಾಟಿನ ಅಂಚನ್ನು ಮುಟ್ಟಿರುತ್ತದೆ. ಜಗತ್ತಿನ ಯಾವ ಪುಸ್ತಕದಲ್ಲೂ ಇರದ ವಿದ್ಯೆ ಅದು. ಹುಟ್ಟಿದಾಗಿನಿಂದ ನನ್ನೆದುರಿಗೇ ಇತ್ತು.

ಸಾವಿರದ ನೂರರಲ್ಲಿ ನಿಜವಾದ ನಿರಾಕರಣೆ ನೂರಾ ಮೂವತ್ತು. ಅವುಗಳ ಚಿಮ್ಮು ಬೇರೆ, ಸಣ್ಣದು, ಚೂಪು. ದಾನು ತಾಟು ದೂಡುವಾಗ ಏಳುತ್ತಿದ್ದದ್ದು ಅದೇ ಜಾತಿಯದು, ಮೂರು ಪಟ್ಟು ಎತ್ತರ. ಪಟ್ಟಿ ಕಟ್ಟುವ ಮುನ್ನ ತೆಗೆದ ಅವಳ ಹಳೆಯ ದಾಖಲೆಗಳನ್ನು ನಾನು ಹೊಸ ಕಣ್ಣಿನಿಂದ ನೋಡಿದೆ. ದೂಡಿದ ಚೂಪು ಚಿಮ್ಮುಗಳ ನಡುವೆ, ಅವ್ವ ಬಿಡದೆ ಅರ್ಧ ರೊಟ್ಟಿ ಹಾಕಿದ ಪ್ರತಿ ಸಲವೂ, ಮೊದಲನೇ ಕೈಯ ಅಲೆ ಮಂದವಾಗಿ ಎದ್ದು ಇಳಿದಿತ್ತು. ಉಣ್ಣದಿದ್ದ ದಿನಗಳಲ್ಲೂ ಇತ್ತು. ಬೈದ ದಿನಗಳಲ್ಲೂ ಇತ್ತು. ನನ್ನ ತಂಗಿಯೊಳಗೆ ಬಡಿಸಿಕೊಳ್ಳುವ ಆಸೆ ಸತ್ತಿರಲೇ ಇಲ್ಲ, ಅದನ್ನು ಐದು ವಾರ ಹೊಸಕಿದವಳು ನಾನು. ಅಲ್ಲೇ ಎಲ್ಲರೆದುರು ಅತ್ತುಬಿಟ್ಟೆ. ಅವ್ವ ಸೆರಗಿನಿಂದ ನನ್ನ ಮುಖ ಒರೆಸಿದಳು, ಒಗ್ಗರಣೆ ವಾಸನೆಯ ಸೆರಗು.

ಪಟ್ಟಿಗೆ ಹೊಸ ಪಾಠ ಕಲಿಸಿ ಮತ್ತೆ ಕಟ್ಟುವಷ್ಟರಲ್ಲಿ ವೈದ್ಯರು ಕೊಟ್ಟ ಹದಿನೈದು ದಿನಗಳಲ್ಲಿ ಉಳಿದದ್ದು ಎಂಟು. ಆದದ್ದನ್ನೆಲ್ಲ ದಾನುವಿಗೆ ಹೇಳಿದೆ. ಬೈಯುತ್ತಾಳೆ, ಪಟ್ಟಿ ಎಸೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಪಟ್ಟಿಯನ್ನು ಕೈಯಲ್ಲಿ ತಿರುಗಿಸಿ ನೋಡಿ, ಹಂಗಾರ ಆ ಬೆಚ್ಚಗಿಂದು ಮತ್ತ ಬರ್ತೈತೇನು ಎಂದಷ್ಟೇ ಕೇಳಿದಳು. ಗೊತ್ತಿಲ್ಲ ಅಂದೆ. ಕಟ್ಟು ಅಂದಳು.

ಮೊದಲ ದಿನ ತಾಟು ದೂಡಿದಳು. ಹಸಿರು ದೀಪ ಹತ್ತಲಿಲ್ಲ. ಗಾಬರಿಯಿಂದ ಮತ್ತಷ್ಟು ದೂಡಿದಳು. ಏನೂ ಆಗಲಿಲ್ಲ. ತಾಟು ಅಲ್ಲೇ ಇತ್ತು, ಭಯವೂ ಅಲ್ಲೇ ಇತ್ತು, ಓಡಲು ಸುತ್ತು ಹಾದಿ ಇರಲಿಲ್ಲ. ನಾನು ಅವಳ ಬೆನ್ನ ಮೇಲೆ ಕೈಯಿಟ್ಟು ಕೂತೆ. ಇಪ್ಪತ್ತು ನಿಮಿಷ ಅವಳ ಮೈ ನಡುಗಿತು, ಆಮೇಲೆ ತನ್ನಷ್ಟಕ್ಕೆ ಇಳಿಯಿತು. ನಾಯಿ ಬರಲಿಲ್ಲ. ಮೂರನೇ ದಿನ ತಾಟನ್ನು ದೂಡದೆ ಸುಮ್ಮನೆ ನೋಡುತ್ತ ಕೂತಳು. ಐದನೇ ದಿನ ನಾಲ್ಕು ತುತ್ತು ಉಂಡು ಅತ್ತಳು. ಅವ್ವ ಪ್ರತಿ ಸಲವೂ ಅರ್ಧ ರೊಟ್ಟಿ ತಂದಳು, ತಾಟಿಗೆ ಹಾಕಿದಳು, ಒಲೆಗೆ ಮರಳಿದಳು. ತೆರೆಯ ಮೇಲೆ ಆ ಮಂದ ಅಲೆಗಾಗಿ ಮೇಡಂ ಕಾಯುತ್ತಲೇ ಇದ್ದರು. ಅದು ಬರಲಿಲ್ಲ.

ಏಳನೇ ದಿನ ಗಿರಾಕಿಗಳೆಲ್ಲ ಉಂಡು ಹೋಗಿದ್ದರು. ಹೊರಗಿನ ಪಡಸಾಲೆಯಲ್ಲೇ ಕೂರುತ್ತೇನೆಂದಳು ದಾನು, ಹುಡುಗಿಯಾಗಿದ್ದಾಗ ಆರು ರೊಟ್ಟಿ ಮುಗಿಸುತ್ತಿದ್ದ ಕಿಟಕಿಯ ಬಳಿಯ ಜಾಗದಲ್ಲಿ. ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಒಂದು ರೊಟ್ಟಿ. ಬಹಳ ನಿಧಾನವಾಗಿ ಆ ರೊಟ್ಟಿಯ ಮುಕ್ಕಾಲು ಪಾಲು ಉಂಡಳು. ಅವ್ವ ಒಲೆಯಿಂದ ಇನ್ನೊಂದನ್ನು ತಂದಳು. ದಾನು ತಲೆ ಎತ್ತಲಿಲ್ಲ. ಎಡಗೈ ಎತ್ತಿ ತಾಟಿನ ಮೇಲೆ ಅಡ್ಡ ಹಿಡಿದಳು.

ಒಂದೂವರೆ ವರ್ಷದಲ್ಲಿ ಅವಳು ತಾಟು ದೂಡಿದ್ದನ್ನಷ್ಟೇ ನೋಡಿದ್ದೆ, ಕೈ ಹಿಡಿದದ್ದನ್ನು ನೋಡಿರಲಿಲ್ಲ. ನಿರಾಕರಿಸಿದಳೇನು ಎಂದು ಪ್ರಯೋಗಾಲಯದಿಂದ ಮೇಡಂ ನನ್ನ ಕಿವಿಯ ಫೋನಿನಲ್ಲಿ ಕೇಳಿದರು. ತಡೀರಿ ಅಂದೆ. ಅವ್ವ ನನ್ನ ಕಡೆ ನೋಡಲಿಲ್ಲ, ಕ್ಯಾಮೆರಾದ ಕಡೆ ನೋಡಲಿಲ್ಲ, ಮಗಳ ಮುಖವನ್ನೂ ನೋಡಲಿಲ್ಲ. ಕೈ ನೋಡಿದಳು. ಎಲುಬು ಎದ್ದ, ನೀಲಿ ನರದ ಕೈ. ಬೆರಳುಗಳು ಬಿಡಿಬಿಡಿಯಾಗಿದ್ದವು. ಮಣಿಕಟ್ಟು ಮೇಲಿತ್ತು.

ಅವ್ವ ರೊಟ್ಟಿಯನ್ನು ಅರ್ಧ ಮುರಿದು ಆ ಕೈಯ ಮೇಲೆ ಇಟ್ಟಳು.

ದಾನು ಬಿಸಿಗೆ ಕೈ ಎಳೆದುಕೊಂಡಳು. ರೊಟ್ಟಿ ತಾಟಿಗೆ ಬಿತ್ತು. ಸುಡ್ತೈತವಾ ಎಂದು ಗೊಣಗಿ ಆ ಕೈಯನ್ನು ಬಾಯಿಂದ ಊದಿಕೊಂಡಳು, ಆಮೇಲೆ ಒಂದು ತುಂಡು ಮುರಿದಳು. ಬಂತು, ಮೊದಲನೇದು ಎಂದರು ಮೇಡಂ ಕಿವಿಯಲ್ಲಿ.

ಅಂದಿಗೇ ಎಲ್ಲ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಕೊಳವೆ ತಪ್ಪಿತು, ಅಷ್ಟೇ. ಅವಳು ಪಟ್ಟಿ ಬಿಚ್ಚಿಟ್ಟು ಉಣ್ಣುವಂತಾಗಲು ಎರಡು ವರ್ಷ ಹಿಡಿಯಿತು. ನಡುವೆ ಎರಡು ಸಲ ಕೆಂಪು ದೀಪಗಳು ಮರಳಿ ಬಂದವು. ಈಗ ನಿರಾಳಪಟ್ಟಿ ಪ್ರತಿ ತಾಲೂಕಿನ ಆಸ್ಪತ್ರೆಯಲ್ಲಿದೆ. ಶಾಲೆಗಳಲ್ಲಿ ಕಣ್ಣು ನೋಡಿದಷ್ಟೇ ಸಲೀಸಾಗಿ ಮಕ್ಕಳ ಹಣೆಗೆ ಕಟ್ಟಿ ನೋಡುತ್ತಾರೆ. ಒಂದು ಕಾಲದಲ್ಲಿ ಇದಕ್ಕೆ ಹಠ ಅನ್ನುತ್ತಿದ್ದರಂತೆ ಎಂದು ಮಕ್ಕಳು ನಗುತ್ತಾರೆ, ನಗಲಿ. ಗಲಗಲಿ ಮೇಡಂ ಆಮೇಲೆ ಮಾಡಿದ ಪ್ರತಿ ನಮೂನೆಯಲ್ಲೂ ಮೂರು ಖಾನೆಗಳಿದ್ದವು. ಮೂರನೆಯದರ ತಲೆಬರಹವನ್ನು ಅವರು ಖಾಲಿ ಬಿಡುತ್ತಿದ್ದರು.

ಖಾನಾವಳಿಯ ಜಾಗದಲ್ಲಿ ಈಗ ಬ್ಯಾಟರಿ ಬದಲಿಸುವ ಅಂಗಡಿ ಇದೆ. ಅವ್ವ ಹೋಗಿ ಹನ್ನೊಂದು ವರ್ಷವಾಯಿತು. ಆ ಸದ್ದು, ಆ ಸಾಲು ತಾಟುಗಳು, ಹಣೆಗೆ ಪಟ್ಟಿ ಕಟ್ಟಿಕೊಂಡು ಸಾಕ್ರಿ ಸಾಕ್ರಿ ಎನ್ನುತ್ತಿದ್ದ ಆ ನಲವತ್ತು ಮಂದಿ, ಯಾರೂ ಇಲ್ಲ. ಅವರ ಕೈಗಳು ಮಾತ್ರ ನನ್ನ ಹಳೆಯ ಕಡತದಲ್ಲಿವೆ, ಅವಕ್ಕೆ ನಾನು ಹಾಕಿದ ಕೆಂಪು ಚುಕ್ಕಿಗಳೂ ಇವೆ. ಆ ಕಡತ ಹಿಂಪಡೆಯಬೇಕೆಂದು ಯಂತ್ರದವರಿಗೆ ಮೂರು ಪತ್ರ ಬರೆದೆ. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಎಂದು ಮೂರು ಸಲವೂ ಉತ್ತರ ಬಂತು.

ಮಂಗಳವಾರದ ಪ್ರಸಂಗವನ್ನು ಫೋನಿನಲ್ಲಿ ದಾನುವಿಗೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಐವತ್ತಾರಾಗಿದೆ ಅವಳಿಗೆ. ಹಳಿಯಾಳದಲ್ಲಿ ಹುಡುಗಿಯರಿಗೆ ಕುಸ್ತಿ ಕಲಿಸುತ್ತಾಳೆ, ಅವಳ ತಾಲೀಮಿನಲ್ಲಿ ತೂಕದ ಯಂತ್ರಕ್ಕೆ ದೀಪಗಳಿಲ್ಲ. ರವಿವಾರ ಬಾ, ಉಂಡು ಹೋಗು ಅಂದಳು.

ಹೋದೆ. ಕೈಯಿಂದ ಬಡಿದ ರೊಟ್ಟಿ. ಅವ್ವನಷ್ಟು ತೆಳ್ಳಗೆ ಬರುವುದಿಲ್ಲ ಅವಳಿಗೆ, ಅಂಚು ಒಡೆಯುತ್ತದೆ. ಎರಡು ಉಂಡೆ. ಮೂರನೆಯದನ್ನು ತಂದಾಗ ತಾಟಿನ ಮೇಲೆ ಕೈ ಅಡ್ಡ ಹಿಡಿದೆ. ದಾನು ನಿಂತಳು. ನನ್ನ ಕೈಯನ್ನು ನೋಡಿದಳು, ಅವ್ವ ನೋಡುತ್ತಿದ್ದ ಹಾಗೆಯೇ, ಮುಖದ ಕಡೆ ತಿರುಗದೆ. ನನ್ನ ಮೊದಲನೇ ಕೈಯನ್ನು ಗುರುತಿಸುವವರು ಈ ಭೂಮಿಯ ಮೇಲೆ ಇನ್ನು ಇವಳೊಬ್ಬಳೇ ಎಂದು ಆಗ ಅನಿಸಿತು.

ಅರ್ಧ ರೊಟ್ಟಿ ಬಿಸಿಬಿಸಿಯಾಗಿ ನನ್ನ ಕೈಯ ಮೇಲೆ ಬಿತ್ತು. ಕೈ ತೆಗೆದೆ.